ಪ್ಲೆಷರ್ ಐಲ್ಯಾಂಡ್‌ನ ಕ್ಲಬ್‌ಗಳನ್ನು ಡಿಸ್ನಿ ಮುಚ್ಚಿದ್ದೇಕೆ?

ಪ್ರಶ್ನೆ: ಮದುವೆಯಾದ ಹೊಸತರಲ್ಲಿ ನಾವು ಫ್ಲೋರಿಡಾದ ಟ್ಯಾಂಪಾದಲ್ಲಿದ್ದೆವು. ಆಗ ವಾಲ್ಟ್ ಡಿಸ್ನಿ ವರ್ಲ್ಡ್‌ನ ಪ್ಲೆಷರ್ ಐಲ್ಯಾಂಡ್‌ಗೆ ಶನಿವಾರ ರಾತ್ರಿ ಹೋದಾಗಲೆಲ್ಲ ಕಾಲಿಡಲು ಜಾಗವಿರುತ್ತಿರಲಿಲ್ಲ. ಈಚೆಗೆ ಮಕ್ಕಳನ್ನು ಕರೆದುಕೊಂಡು ಅದೇ ಜಾಗಕ್ಕೆ ಹೋದರೆ ಹಳೆಯ ಕ್ಲಬ್ ಒಂದೂ ಉಳಿದಿಲ್ಲ. ಎಲ್ಲಿ ನೋಡಿದರೂ ಅಂಗಡಿ, ರೆಸ್ಟೋರೆಂಟ್. ಅಷ್ಟು ಜನ ಬರುತ್ತಿದ್ದುದನ್ನು ಏಕೆ ಮುಚ್ಚಿದರು? ಸಂಸಾರಸ್ಥರು ಬರುವ ಕಡೆ ಕುಡಿತ, ಕುಣಿತ ಬೇಡವೆಂದೇ? ಅಥವಾ ನಷ್ಟದಲ್ಲಿತ್ತೇ? ಮುಚ್ಚಿದ್ದು ಸರಿಯೇ?

ಉತ್ತರ: ನಿಮ್ಮ ಎರಡು ಊಹೆಗಳಲ್ಲಿ ಮೊದಲನೆಯದು ಸರಿಯಲ್ಲ, ಎರಡನೆಯದು ಅರ್ಧ ಸರಿ. ಪ್ಲೆಷರ್ ಐಲ್ಯಾಂಡ್ ಮುಚ್ಚಿದ್ದು ಮಡಿವಂತಿಕೆಯಿಂದಲ್ಲ. ದಿನದ ಹೆಚ್ಚಿನ ಹೊತ್ತು ಖಾಲಿ ಬಿದ್ದಿರುವ ಜಾಗವೊಂದು ಇಡೀ ವ್ಯಾಪಾರಕೇಂದ್ರದ ನಟ್ಟನಡುವೆ ಇದ್ದುದು, ಅಲ್ಲಿಗೆ ಬರುತ್ತಿದ್ದವರಲ್ಲಿ ರೆಸಾರ್ಟಿನ ಅತಿಥಿಗಳಿಗಿಂತ ಸುತ್ತಲಿನ ಊರುಗಳವರ ಪಾಲು ದೊಡ್ಡದಾಗುತ್ತ ಹೋದುದು, ಮತ್ತು ಅದೇ ನೆಲವನ್ನು ಬಾಡಿಗೆಗೆ ಕೊಟ್ಟರೆ ತೊಂದರೆ ಕಡಿಮೆ, ವರಮಾನ ಹೆಚ್ಚು ಎಂಬ ಲೆಕ್ಕಾಚಾರ ಬಲವಾದುದು, ಇವೆಲ್ಲ ಸೇರಿ ಅದನ್ನು ಮುಚ್ಚಿಸಿದವು. ಡಿಸ್ನಿ ಕಂಪನಿ ತನ್ನ ವಾರ್ಷಿಕ ವರದಿಗಳಲ್ಲಿ ಇಷ್ಟು ಸಣ್ಣ ತುಣುಕಿನ ಲಾಭ-ನಷ್ಟವನ್ನು ಬೇರೆಯಾಗಿ ತೋರಿಸುವುದಿಲ್ಲ. ಆದ್ದರಿಂದ ನಾನು ಮುಂದೆ ಹೇಳುವುದು ಜಾಗದ ರಚನೆ, ಅದರ ಇತಿಹಾಸ ಮತ್ತು ಈ ಉದ್ಯಮ ನಡೆಯುವ ರೀತಿಯನ್ನು ಆಧರಿಸಿದ ವಿವರಣೆ.

ಮೊದಲು ಅದು ಹುಟ್ಟಿದ ಸನ್ನಿವೇಶವನ್ನು ನೋಡಬೇಕು. ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ತೆರೆಯಿತು. ಅದರ ಅಂಚಿನಲ್ಲಿ, ಕೆರೆಯ ದಡದಲ್ಲಿ, 1975ರಲ್ಲಿ ಲೇಕ್ ಬ್ಯೂನಾ ವಿಸ್ಟಾ ಶಾಪಿಂಗ್ ವಿಲೇಜ್ ಎಂಬ ಅಂಗಡಿಸಾಲು ಬಂತು. ಆದರೆ ಸಂಜೆಯ ನಂತರ ದೊಡ್ಡವರು ಹೊತ್ತು ಕಳೆಯಲು ರೆಸಾರ್ಟಿನೊಳಗೆ ಹೆಚ್ಚೇನೂ ಇರಲಿಲ್ಲ. ಅತ್ತ ಒರ್ಲ್ಯಾಂಡೊ ಪೇಟೆಯ ಮಧ್ಯದಲ್ಲಿ ಬಾಬ್ ಸ್ನೋ ಎಂಬ ಉದ್ಯಮಿ 1974ರಿಂದ ಕಟ್ಟುತ್ತ ಬಂದಿದ್ದ ಚರ್ಚ್ ಸ್ಟ್ರೀಟ್ ಸ್ಟೇಷನ್ ಎಂಬ ಸಂಕೀರ್ಣ, ಹಳೆಯ ರೈಲು ನಿಲ್ದಾಣದ ಸುತ್ತಲಿನ ಕಟ್ಟಡಗಳಲ್ಲಿ ಸಂಗೀತ, ನೃತ್ಯ, ಊಟ ಎಲ್ಲವನ್ನೂ ಒದಗಿಸುತ್ತ, 1980ರ ದಶಕದಲ್ಲಿ ಡಿಸ್ನಿಯ ಅತಿಥಿಗಳನ್ನೇ ರಾತ್ರಿಹೊತ್ತು ತನ್ನತ್ತ ಸೆಳೆದುಕೊಳ್ಳುತ್ತಿತ್ತು. 1984ರಲ್ಲಿ ಡಿಸ್ನಿಯ ಮುಖ್ಯಸ್ಥರಾಗಿ ಬಂದ ಮೈಕಲ್ ಐಸ್ನರ್ ಅವರ ಕಾಲದ ಒಂದು ಖಚಿತ ಧೋರಣೆಯೆಂದರೆ, ನಮ್ಮಲ್ಲಿಗೆ ಬಂದ ಅತಿಥಿಯ ಒಂದು ಡಾಲರ್ ಕೂಡ ನಮ್ಮ ಗಡಿಯಾಚೆ ಖರ್ಚಾಗಬಾರದು ಎಂಬುದು. ಆ ಧೋರಣೆಯ ಫಲವಾಗಿ 1989ರ ಮೇ 1ರಂದು, ಡಿಸ್ನಿ-ಎಂಜಿಎಂ ಸ್ಟುಡಿಯೋಸ್ ಪಾರ್ಕ್ ತೆರೆದ ದಿನವೇ, ಪ್ಲೆಷರ್ ಐಲ್ಯಾಂಡ್ ಕೂಡ ತೆರೆಯಿತು. ಸುಮಾರು ಆರು ಎಕರೆಯ ಪುಟ್ಟ ಜಾಗ. ಅಂಗಡಿಸಾಲಿನ ಪಕ್ಕದಲ್ಲಿ ನೀರಿನ ಕಾಲುವೆ, ಅದನ್ನು ದಾಟಲು ಸೇತುವೆ.

ಡಿಸ್ನಿಯವರು ಏನೇ ಕಟ್ಟಿದರೂ ಅದಕ್ಕೊಂದು ಸ್ಥಳಪುರಾಣ ಬೇಕೇ ಬೇಕು. ಇಲ್ಲಿಯೂ ಮೆರಿವೆದರ್ ಆಡಮ್ ಪ್ಲೆಷರ್ ಎಂಬ ಕಲ್ಪಿತ ಹಾಯಿಪಟದ ವ್ಯಾಪಾರಿಯನ್ನು ಸೃಷ್ಟಿಸಿ, ಅವನು 1911ರಲ್ಲಿ ಈ ದ್ವೀಪಕ್ಕೆ ಬಂದು ಕಾರ್ಖಾನೆ ಹೂಡಿದನೆಂದೂ, 1941ರಲ್ಲಿ ಸಮುದ್ರಯಾನದಲ್ಲಿ ಕಣ್ಮರೆಯಾದನೆಂದೂ, ಆಮೇಲೆ ಪಾಳುಬಿದ್ದ ಅವನ ಗೋದಾಮುಗಳನ್ನು ಡಿಸ್ನಿ ಸಂಸ್ಥೆ ಪತ್ತೆಹಚ್ಚಿ ಕ್ಲಬ್‌ಗಳನ್ನಾಗಿ ಮಾಡಿತೆಂದೂ ಕತೆ ಹೆಣೆದು, ಪ್ರತಿ ಕಟ್ಟಡದ ಗೋಡೆಯ ಮೇಲೂ ಅದರ ‘ಚರಿತ್ರೆ’ಯ ಫಲಕ ಹಾಕಿದರು. ಆ ಫಲಕಗಳನ್ನು ಓದಿದವರು ಎಷ್ಟು ಮಂದಿಯೋ! ಆದರೆ ಆರಂಭದ ಉದ್ದೇಶವನ್ನು ಅವು ಚೆನ್ನಾಗಿ ತೋರಿಸುತ್ತವೆ: ಇದು ಬರೀ ಬಾರುಗಳ ಬೀದಿಯಲ್ಲ, ಬಾರುಗಳ ವೇಷ ತೊಟ್ಟ ಒಂದು ಥೀಮ್ ಪಾರ್ಕ್ ಎಂದೇ ಅದನ್ನು ಯೋಜಿಸಿದ್ದರು. ಥೀಮ್ ಪಾರ್ಕಿನಂತೆಯೇ ಗೇಟು, ಟಿಕೆಟ್ಟು, ಕೈಗೆ ಪಟ್ಟಿ. ಒಂದೇ ಟಿಕೆಟ್‌ನಲ್ಲಿ ರಾತ್ರಿಯಿಡೀ ಯಾವ ಕ್ಲಬ್ಬಿಗೆ ಬೇಕಾದರೂ ಹೋಗಿಬರಬಹುದಾಗಿದ್ದ ಪದ್ಧತಿ ಬಹುಕಾಲ ನಡೆಯಿತು.

ಒಳಗಿದ್ದ ಕ್ಲಬ್‌ಗಳು ಒಂದೇ ತರದವಾಗಿರಲಿಲ್ಲ ಎಂಬುದು ನಿಮ್ಮ ಮೊದಲ ಪ್ರಶ್ನೆಗೆ ಮುಖ್ಯ. ಮ್ಯಾನಿಕ್ವಿನ್ಸ್‌ನಲ್ಲಿ ನೃತ್ಯದ ನೆಲವೇ ತಿರುಗುತ್ತಿತ್ತು. ಎಯ್ಟ್ ಟ್ರ್ಯಾಕ್ಸ್ 1970ರ ದಶಕದ ಹಾಡುಗಳಿಗೆ ಮೀಸಲು. ಕಾಮಿಡಿ ವೇರ್‌ಹೌಸ್‌ನಲ್ಲಿ ನಟರು ಪ್ರೇಕ್ಷಕರು ಕೂಗಿ ಹೇಳಿದ ವಿಷಯದ ಮೇಲೆ ನಿಂತ ನಿಲುವಿನಲ್ಲೇ ಹಾಸ್ಯಪ್ರಸಂಗ ಕಟ್ಟುತ್ತಿದ್ದರು. ಇವೆಲ್ಲಕ್ಕಿಂತ ಭಿನ್ನವಾದದ್ದು ಅಡ್ವೆಂಚರರ್ಸ್ ಕ್ಲಬ್. ಮುಂದೆ ಅನಿಮಲ್ ಕಿಂಗ್‌ಡಮ್ ಪಾರ್ಕನ್ನು ರೂಪಿಸಿದ ಜೋ ರೋಡಿ ಇದರ ವಿನ್ಯಾಸದಲ್ಲಿ ಪ್ರಮುಖರಾಗಿದ್ದರು. ಒಳಗೆ ಯಾವಾಗಲೂ 1937ರ ಡಿಸೆಂಬರ್ 31ರ ರಾತ್ರಿ. ನೀವು ಆ ಪ್ರವಾಸಿಗಳ ಸಂಘದ ಹೊಸ ಸದಸ್ಯರಾಗಲು ಬಂದವರು. ಸಂಘದ ಅಧ್ಯಕ್ಷೆ ಪಮೇಲಿಯಾ ಪರ್ಕಿನ್ಸ್, ಮೀನುತಜ್ಞ ಓಟಿಸ್ ರೆನ್, ವಸ್ತುಪಾಲಕ ಫ್ಲೆಚರ್ ಹಾಜಸ್ ಮೊದಲಾದ ಪಾತ್ರಗಳು ನಿಮ್ಮ ನಡುವೆಯೇ ಓಡಾಡುತ್ತ, ನಿಮ್ಮನ್ನೇ ಕತೆಯೊಳಕ್ಕೆ ಎಳೆದುಕೊಳ್ಳುತ್ತಿದ್ದವು. ಗೋಡೆಯ ಮೇಲಿನ ಮುಖವಾಡಗಳು ಇದ್ದಕ್ಕಿದ್ದಂತೆ ಕಣ್ಣು ತಿರುಗಿಸುತ್ತಿದ್ದವು. ಬಾರಿನ ಕೆಲವು ಸ್ಟೂಲುಗಳು ಕುಳಿತವರಿಗೆ ಗೊತ್ತಾಗದಷ್ಟು ನಿಧಾನವಾಗಿ ಕೆಳಕ್ಕಿಳಿಯುತ್ತ ಹೋಗಿ, ಮಾತಿನಲ್ಲಿ ಮೈಮರೆತವರ ಗಲ್ಲ ಕಟ್ಟೆಯ ಮಟ್ಟಕ್ಕೆ ಬಂದಾಗ ಸುತ್ತಲಿನವರು ನಗುತ್ತಿದ್ದರು. ‘ಕುಂಗಲೂಷ್’ ಎಂಬ ಅರ್ಥವಿಲ್ಲದ ಕೂಗು ಅಲ್ಲಿನ ನಮಸ್ಕಾರ. ಒಂದು ಬಾರಿ ಹೋದವರು ಮತ್ತೆ ಮತ್ತೆ ಹೋಗುತ್ತಿದ್ದರು, ಏಕೆಂದರೆ ಪ್ರತಿ ರಾತ್ರಿ ಪ್ರಸಂಗ ಬೇರೆ.

ಇನ್ನು ಬೀದಿಯಲ್ಲಿ 1990ರಿಂದ ಪ್ರತಿ ರಾತ್ರಿಯೂ ಹೊಸವರ್ಷದ ಸಂಭ್ರಮ: ವೇದಿಕೆಯ ಮೇಲೆ ನರ್ತಕರು, ಕ್ಷಣಗಣನೆ, ಪಟಾಕಿ, ಮೇಲಿಂದ ಉದುರುವ ಬಣ್ಣದ ಕಾಗದದ ಚೂರು. ವರ್ಷದ ಎಲ್ಲ ರಾತ್ರಿಯೂ ಯುಗಾದಿ ಎಂಬಂಥ ಈ ಯೋಜನೆ 2005ರ ಡಿಸೆಂಬರ್ 31ರಂದು, ಅಂದರೆ ನಿಜವಾದ ಹೊಸವರ್ಷದ ಹಿಂದಿನ ರಾತ್ರಿಯೇ, ಕೊನೆಗೊಂಡಿತು. ಕ್ಲಬ್‌ಗಳು ಮುಚ್ಚುವುದಕ್ಕೆ ಇನ್ನೂ ಸುಮಾರು ಮೂರು ವರ್ಷ ಇರುವಾಗಲೇ ಇದು ನಡೆದುದನ್ನು ಗಮನಿಸಬೇಕು. ಯಾವ ಉದ್ಯಮವೇ ಆಗಲಿ, ಜನರನ್ನು ಒಟ್ಟುಗೂಡಿಸುವ ದಿನನಿತ್ಯದ ಖರ್ಚನ್ನು ಕೈಬಿಟ್ಟಿತೆಂದರೆ, ಅದರ ಒಳಮನಸ್ಸಿನಲ್ಲಿ ತೀರ್ಮಾನ ಆಗಲೇ ಅರ್ಧ ಆಗಿದೆ ಎಂದು ತಿಳಿಯಬಹುದು.

ಈಗ ಕುಡಿತದ ವಿಷಯ. 2008ರಲ್ಲಿ ಮುಚ್ಚಿದಾಗ ಅನೇಕರು ಇದನ್ನೇ ಕಾರಣವೆಂದು ಭಾವಿಸಿದರು, ಕಂಪನಿಯ ಪ್ರಕಟಣೆಯಲ್ಲಿದ್ದ ‘ಕುಟುಂಬ’ ಎಂಬ ಮಾತು ಆ ಭಾವನೆಗೆ ಪುಷ್ಟಿ ಕೊಟ್ಟಿತು. ಆದರೆ ನಡೆದ ಸಂಗತಿಗಳು ಬೇರೆಯೇ ಹೇಳುತ್ತವೆ. 1990ರ ದಶಕದ ಮಧ್ಯದಿಂದ ಡಿಸ್ನಿ ವರ್ಲ್ಡ್‌ನದೇ ಆದ ಎಪ್ಕಾಟ್ ಪಾರ್ಕಿನಲ್ಲಿ ಪ್ರತಿವರ್ಷ ಆಹಾರ ಮತ್ತು ವೈನ್ ಉತ್ಸವ ನಡೆಯುತ್ತ ಬಂದಿದೆ, ಆರಂಭದ ದಿನಗಳಿಗಿಂತ ಅದು ಬಹಳ ಹಿಗ್ಗಿದೆ. ಇನ್ನೂ ಸ್ಪಷ್ಟವಾದ ಸಾಕ್ಷ್ಯ ಮ್ಯಾಜಿಕ್ ಕಿಂಗ್‌ಡಮ್‌ನದು. ಮಕ್ಕಳ ಪಾರ್ಕ್ ಎಂದರೆ ಅದೇ. 1971ರಿಂದ ಅಲ್ಲಿ ಸಾರ್ವಜನಿಕರಿಗೆ ಒಂದು ತೊಟ್ಟು ಮದ್ಯವನ್ನೂ ಮಾರುತ್ತಿರಲಿಲ್ಲ. ಆ ನಿಯಮವನ್ನು ಸಡಿಲಿಸಿ, ಬಿ ಅವರ್ ಗೆಸ್ಟ್ ಎಂಬ ರೆಸ್ಟೋರೆಂಟಿನಲ್ಲಿ ರಾತ್ರಿಯೂಟದ ಜೊತೆ ವೈನ್ ಮತ್ತು ಬಿಯರ್ ಕೊಡಲು ಆರಂಭಿಸಿದ್ದು 2012ರಲ್ಲಿ, ಅಂದರೆ ಪ್ಲೆಷರ್ ಐಲ್ಯಾಂಡ್‌ನ ಕ್ಲಬ್‌ಗಳು ಮುಚ್ಚಿ ನಾಲ್ಕು ವರ್ಷಗಳಾದ ಮೇಲೆ. ಸಂಸಾರಸ್ಥರ ಕಣ್ಣಿಗೆ ಗ್ಲಾಸು ಬೀಳಬಾರದೆಂದು ಕ್ಲಬ್‌ಗಳನ್ನು ಮುಚ್ಚಿದ ಸಂಸ್ಥೆ ಹೀಗೆ ಮಾಡುತ್ತಿರಲಿಲ್ಲ. ಜೊತೆಗೆ, ಅಡ್ವೆಂಚರರ್ಸ್ ಕ್ಲಬ್ಬಿಗೂ ಕಾಮಿಡಿ ವೇರ್‌ಹೌಸ್‌ಗೂ ತಂದೆತಾಯಿಯರ ಜೊತೆ ಮಕ್ಕಳು ಹೋಗಬಹುದಾಗಿತ್ತು. 21 ವರ್ಷ ತುಂಬಿದವರಿಗೆ ಮಾತ್ರ ಎಂಬ ನಿಯಮ ಮ್ಯಾನಿಕ್ವಿನ್ಸ್ ಮತ್ತು ಬಿಇಟಿ ಸೌಂಡ್‌ಸ್ಟೇಜ್‌ನಂತಹ ನೃತ್ಯದ ಕ್ಲಬ್‌ಗಳಿಗಿತ್ತು. ಮುಚ್ಚುವಾಗ ಈ ಭೇದ ಮಾಡಲಿಲ್ಲ, ಎಲ್ಲವನ್ನೂ ಒಟ್ಟಿಗೇ ಮುಚ್ಚಿದರು.

ನಿಜವಾದ ಕಾರಣಗಳಲ್ಲಿ ಮೊದಲನೆಯದು ಹೊತ್ತಿನ ಲೆಕ್ಕ. ನೀವು ನೋಡಿದ್ದು ಶನಿವಾರ ರಾತ್ರಿಯ ಪ್ಲೆಷರ್ ಐಲ್ಯಾಂಡ್. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಅದೇ ಬೀದಿ ಆಷಾಢದ ಕಲ್ಯಾಣ ಮಂಟಪದ ಹಾಗಿರುತ್ತಿತ್ತು: ಕಟ್ಟಡ ದೊಡ್ಡದು, ಬಾಗಿಲು ಮುಚ್ಚಿದ್ದು, ನಿರ್ವಹಣೆಯ ಖರ್ಚು ಮಾತ್ರ ನಿಲ್ಲದು. ಕ್ಲಬ್ಬಿನ ಸಂಪಾದನೆಯ ಸಮಯ ರಾತ್ರಿ ಒಂಬತ್ತರ ಆಸುಪಾಸಿನಿಂದ ಮುಚ್ಚುವ ಎರಡು ಗಂಟೆಯವರೆಗೆ, ಅದರಲ್ಲೂ ವಾರದ ಎರಡು ಮೂರು ರಾತ್ರಿಗಳಲ್ಲಿಯೇ ಹೆಚ್ಚಿನದು. ರೆಸ್ಟೋರೆಂಟ್ ಆದರೆ ಅದೇ ನೆಲದಲ್ಲಿ ಮಧ್ಯಾಹ್ನದ ಊಟ, ಸಂಜೆಯ ತಿಂಡಿ, ರಾತ್ರಿಯ ಊಟ, ಊಟದ ನಂತರದ ಪಾನೀಯ ಎಂದು ಹನ್ನೊಂದು ಹನ್ನೆರಡು ಗಂಟೆ ದುಡಿಯುತ್ತದೆ. ಮಳೆ ಬಂದರೆ ಇನ್ನೂ ಹೆಚ್ಚು ಜನ ಒಳಗೆ ಬರುತ್ತಾರೆ. ಜಾಗದ ಕೊರತೆ ಇಲ್ಲದ ಊರಿನಲ್ಲಿ ಈ ವ್ಯತ್ಯಾಸವನ್ನು ಸಹಿಸಿಕೊಳ್ಳಬಹುದು. ಡಿಸ್ನಿಗೆ ಸಾವಿರಾರು ಎಕರೆ ಇದೆಯಾದರೂ, ಜನ ಈಗಾಗಲೇ ನಡೆದಾಡುವ ದಡದ ನೆಲ ಮಾತ್ರ ಅಷ್ಟೇ ಇತ್ತು.

ಎರಡನೆಯದು, ಬರುತ್ತಿದ್ದವರು ಯಾರು ಎಂಬುದು. ಮಕ್ಕಳೊಂದಿಗೆ ಬಂದ ಅತಿಥಿ ಬೆಳಗ್ಗೆ ಪಾರ್ಕಿನ ಗೇಟು ತೆರೆಯುವ ಮುಂಚೆಯೇ ಸಾಲಿನಲ್ಲಿ ನಿಂತಿರುತ್ತಾನೆ. ರಾತ್ರಿ ಹತ್ತಕ್ಕೆ ಮಗು ಹೆಗಲ ಮೇಲೆ ನಿದ್ದೆಹೋಗಿರುತ್ತದೆ. ಅವನಿಗೆ ತಿರುಗುವ ನೆಲದ ಮೇಲೆ ಕುಣಿಯುವ ಆಸೆ ಇದ್ದರೂ ಶಕ್ತಿ ಇರುವುದಿಲ್ಲ, ಮಗುವನ್ನು ನೋಡಿಕೊಳ್ಳುವವರೂ ಇರುವುದಿಲ್ಲ. ಹಾಗಾಗಿ ಕ್ಲಬ್‌ಗಳನ್ನು ತುಂಬಿಸುತ್ತಿದ್ದವರು ಸಮ್ಮೇಳನಗಳಿಗೆ ಬಂದವರು, ಡಿಸ್ನಿಯ ನೌಕರರು, ಮತ್ತು ನಿಮ್ಮಂತೆ ಒಂದೆರಡು ಗಂಟೆಯ ದಾರಿಯೊಳಗೆ ವಾಸವಾಗಿದ್ದ ಸ್ಥಳೀಯರು. ಸ್ಥಳೀಯರು ನಿಷ್ಠಾವಂತ ಗಿರಾಕಿಗಳು, ಆದರೆ ಅವರು ಹೋಟೆಲ್ ಕೋಣೆ ಹಿಡಿಯುವುದಿಲ್ಲ, ನಾಲ್ಕು ದಿನದ ಪಾರ್ಕ್ ಟಿಕೆಟ್ ಕೊಳ್ಳುವುದಿಲ್ಲ, ಊಟ ಮನೆಯಲ್ಲೇ ಮುಗಿಸಿ ಬರುತ್ತಾರೆ. ರೆಸಾರ್ಟ್ ನಡೆಸುವವರ ಕಣ್ಣಿನಲ್ಲಿ ಒಬ್ಬ ಗಿರಾಕಿಯ ಬೆಲೆ ಅವನು ಆ ರಾತ್ರಿ ಕುಡಿದ ಎರಡು ಗ್ಲಾಸಿನದಲ್ಲ, ಅವನು ಇಡೀ ವಾರದಲ್ಲಿ ಆವರಣದೊಳಗೆ ಮಾಡುವ ಖರ್ಚಿನದು. ಸ್ಥಳೀಯರಿಗೆ ಕಹಿಯೆನಿಸಿದರೂ ಈ ಉದ್ಯಮದ ಲೆಕ್ಕ ಇರುವುದೇ ಹೀಗೆ.

ಇದರ ಮೇಲೆ ಡಿಸ್ನಿ ತನ್ನ ಇನ್ನೊಂದು ಕೈಯಿಂದ ತನ್ನದೇ ಕ್ಲಬ್‌ಗಳಿಗೆ ಪೈಪೋಟಿ ಒಡ್ಡಿತು. 2000ರ ದಶಕದ ಮಧ್ಯದಲ್ಲಿ ತನ್ನ ಹೋಟೆಲುಗಳಲ್ಲಿ ತಂಗಿದವರಿಗಾಗಿ ಪಾರ್ಕುಗಳನ್ನು ಕೆಲವು ರಾತ್ರಿ ಮೂರು ಗಂಟೆ ಹೆಚ್ಚು ಹೊತ್ತು ತೆರೆದಿಡುವ ವ್ಯವಸ್ಥೆ ಮಾಡಿತು. ಸಾಲು ಕಡಿಮೆ ಇರುವ ರಾತ್ರಿಯ ಪಾರ್ಕೋ ಕ್ಲಬ್ಬೋ ಎಂದರೆ ಅತಿಥಿ ಯಾವುದನ್ನು ಆರಿಸುತ್ತಾನೆಂದು ಹೇಳಬೇಕಾಗಿಲ್ಲ. 2005ರಲ್ಲಿ ಬಂದ ಹೊಸ ಟಿಕೆಟ್ ಪದ್ಧತಿಯಲ್ಲಿ ಹೆಚ್ಚುವರಿ ಹಣ ಕೊಟ್ಟು ನೀರಿನ ಪಾರ್ಕುಗಳ ಸೌಲಭ್ಯ ಪಡೆದವರಿಗೆ ಪ್ಲೆಷರ್ ಐಲ್ಯಾಂಡ್ ಪ್ರವೇಶವೂ ಅದರೊಳಗೇ ಸೇರಿಕೊಂಡಿತು. ಹಾಗೆ ಜೋಡಿಸಿ ಕೊಟ್ಟ ಪ್ರವೇಶಕ್ಕೆ ಗಿರಾಕಿಯ ಮನಸ್ಸಿನಲ್ಲಿ ಬೆಲೆ ಉಳಿಯುವುದಿಲ್ಲ, ಕಂಪನಿಯ ಲೆಕ್ಕದಲ್ಲಿಯೂ ಅದರ ಪಾಲಿಗೆ ಬರುವ ಹಣ ಸ್ವಲ್ಪವೇ.

ಮೂರನೆಯ ಕಾರಣವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ, ಅದರ ಬಗ್ಗೆ ಚರ್ಚೆ ಆಗಿರುವುದು ಮಾತ್ರ ಕಡಿಮೆ. ಅದು ಗೇಟಿನ ಸಮಸ್ಯೆ. 1989ರಲ್ಲಿ ಪ್ಲೆಷರ್ ಐಲ್ಯಾಂಡ್ ಅಂಗಡಿಸಾಲಿನ ತುದಿಯಲ್ಲಿತ್ತು. ಅದರಾಚೆ ಹೆಚ್ಚೇನೂ ಇರಲಿಲ್ಲ, ಆದ್ದರಿಂದ ಅಲ್ಲಿ ಗೇಟು ಹಾಕಿ ಟಿಕೆಟ್ ಕೇಳಿದರೆ ಯಾರಿಗೂ ಅಡ್ಡಿಯಾಗುತ್ತಿರಲಿಲ್ಲ. 1997ರಲ್ಲಿ ಆ ಇಡೀ ಪ್ರದೇಶಕ್ಕೆ ಡೌನ್‌ಟೌನ್ ಡಿಸ್ನಿ ಎಂದು ಹೆಸರಿಟ್ಟು, ದ್ವೀಪದ ಆಚೆ ಬದಿಯಲ್ಲಿ ವೆಸ್ಟ್ ಸೈಡ್ ಎಂಬ ಹೊಸ ಭಾಗವನ್ನು ಕಟ್ಟಿದರು. ಅಲ್ಲಿಗೆ ಹೌಸ್ ಆಫ್ ಬ್ಲೂಸ್ ಎಂಬ ಸಂಗೀತದ ಸಭಾಂಗಣ ಬಂತು, 1998ರಲ್ಲಿ ಸರ್ಕ್ ದು ಸೊಲೈ ಎಂಬ ಸರ್ಕಸ್ ತಂಡದ ಕಾಯಂ ರಂಗಮಂದಿರವೂ ಡಿಸ್ನಿಕ್ವೆಸ್ಟ್ ಎಂಬ ಐದು ಮಹಡಿಯ ಆಟದ ಮನೆಯೂ ಬಂದವು. ತುದಿಯಲ್ಲಿದ್ದ ದ್ವೀಪ ಒಮ್ಮೆಗೇ ನಡುವಿಗೆ ಬಂತು. ಈ ಬದಿಯ ಅಂಗಡಿಗಳಲ್ಲಿದ್ದ ಸಂಸಾರವೊಂದು ಸಂಜೆ ಏಳರ ನಂತರ ಆ ಬದಿಯ ಪ್ರದರ್ಶನಕ್ಕೆ ಹೋಗಬೇಕೆಂದರೆ ನಡುವೆ ಟಿಕೆಟ್ ಕೇಳುವ ಗೇಟು. ಇಲ್ಲವಾದರೆ ವಾಹನ ನಿಲ್ಲಿಸುವ ಬಯಲಿನ ಅಂಚಿನಲ್ಲಿ ಸುತ್ತುಬಳಸಿ ನಡೆಯಬೇಕು. ವ್ಯಾಪಾರದ ಬೀದಿಗೆ ಇದಕ್ಕಿಂತ ದೊಡ್ಡ ದೋಷವಿಲ್ಲ: ಜನರ ಹರಿವು ಅತಿ ಹೆಚ್ಚಿರುವ ಸಂಜೆಯ ಹೊತ್ತಿನಲ್ಲೇ ಬೀದಿ ಎರಡು ತುಂಡಾಗುತ್ತದೆ.

ಇದನ್ನು ಸರಿಪಡಿಸಲು 2004ರಲ್ಲಿ ಗೇಟು ತೆಗೆದರು. ಬೀದಿ ಎಲ್ಲರಿಗೂ ಮುಕ್ತವಾಯಿತು, ಟಿಕೆಟ್ ಆಯಾ ಕ್ಲಬ್ಬಿನ ಬಾಗಿಲಿಗೆ ಸರಿಯಿತು. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬ ಈ ಪರಿಹಾರ ಎರಡು ಕಡೆಯಿಂದಲೂ ಕೈಕೊಟ್ಟಿತು. ಟಿಕೆಟ್ ಕೊಂಡು ಬರುವವರಿಗೆ ಗೇಟಿನೊಳಗೆ ಸಿಗುತ್ತಿದ್ದುದು ಕ್ಲಬ್‌ಗಳು ಮಾತ್ರವಲ್ಲ, ಬೇರೆಯೇ ಒಂದು ಲೋಕಕ್ಕೆ ಬಂದೆವೆಂಬ ಭಾವನೆ. ಬೀದಿಯ ಸಂಗೀತ, ನಡುರಾತ್ರಿಯ ಪಟಾಕಿ, ಕೈಯಲ್ಲಿ ಗ್ಲಾಸು ಹಿಡಿದು ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಅಲೆಯುವ ಸ್ವಾತಂತ್ರ್ಯ. ಗೇಟು ಹೋದ ಮೇಲೆ ಬೀದಿಯ ಸಂಭ್ರಮಕ್ಕೆ ಹಣ ಕೊಡುವವರು ಯಾರೂ ಇಲ್ಲವಾದರು. ಮರುವರ್ಷವೇ ಹೊಸವರ್ಷದ ಆಚರಣೆ ನಿಂತುದಕ್ಕೂ ಇದಕ್ಕೂ ಸಂಬಂಧವಿದೆ ಎಂದೇ ನನ್ನ ಅಭಿಪ್ರಾಯ. ಇನ್ನೊಂದು ಕಡೆ, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಹಾದುಹೋಗುವವರು, ಕ್ಲಬ್ಬಿನ ಬಾಗಿಲಲ್ಲಿ ಗುರುತುಚೀಟಿ ತೋರಿಸಲು ಸಾಲು ನಿಂತವರು, ಎಲ್ಲಿಗೂ ಪ್ರವೇಶವಿಲ್ಲದೆ ಸುಮ್ಮನೆ ಅಡ್ಡಾಡುವ ಹದಿಹರೆಯದವರು, ಎಲ್ಲರೂ ಒಂದೇ ಇಕ್ಕಟ್ಟಿನ ಬೀದಿಯಲ್ಲಿ ಸೇರಿದರು. ಯಾರಿಗೂ ಪೂರ್ತಿ ಸಲ್ಲದ ಜಾಗವಾಯಿತು. ನೀವು ಹೋಗುತ್ತಿದ್ದ ಕಾಲ ಬಹುಶಃ ಇದೇ ಇರಬೇಕು. ಕ್ಲಬ್ಬಿನೊಳಗಿನ ನೂಕುನುಗ್ಗಲಷ್ಟೇ ಕಂಡವರಿಗೆ ಹೊರಗಿನ ಈ ಬದಲಾವಣೆ ತಿಳಿಯುವುದು ಕಷ್ಟ.

ಡಿಸ್ನಿಯ ಪ್ರತಿಸ್ಪರ್ಧಿ ಯೂನಿವರ್ಸಲ್ ಕಂಪನಿ 1999ರಲ್ಲಿ ಅದೇ ಊರಿನಲ್ಲಿ ತೆರೆದ ಸಿಟಿವಾಕ್ ಎಂಬ ಊಟ, ಮನರಂಜನೆಯ ಬೀದಿಯ ಜೊತೆ ಇದನ್ನು ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಸಿಟಿವಾಕ್ ಇರುವುದು ವಾಹನ ನಿಲ್ಲಿಸುವ ಕಟ್ಟಡಗಳಿಗೂ ಎರಡು ಪಾರ್ಕುಗಳ ಗೇಟುಗಳಿಗೂ ನಡುವೆ. ಪಾರ್ಕಿಗೆ ಹೋಗುವವರೂ ಅಲ್ಲಿಂದ ಮರಳುವವರೂ ಅದರ ಮೂಲಕವೇ ನಡೆಯಬೇಕು. ದಣಿದವನಿಗೂ ಕಣ್ಣೆದುರಿಗೇ ಊಟ, ಸಂಗೀತ. ಬೀದಿಗೆ ಮೊದಲ ದಿನದಿಂದಲೂ ಟಿಕೆಟ್ ಇರಲಿಲ್ಲ. ಡಿಸ್ನಿಯಲ್ಲಾದರೋ ಪಾರ್ಕಿನಿಂದ ಹೋಟೆಲಿಗೆ, ಹೋಟೆಲಿನಿಂದ ಮತ್ತೆ ಬಸ್ಸು ಹಿಡಿದು ಡೌನ್‌ಟೌನ್ ಡಿಸ್ನಿಗೆ ಬರಬೇಕಾಗಿತ್ತು. ಹಾಗಿದ್ದೂ ಸಿಟಿವಾಕ್ ಕೂಡ ಕ್ರಮೇಣ ಅದೇ ದಿಕ್ಕಿಗೆ ಹೊರಳಿತು: ಅಲ್ಲಿನ ಗ್ರೂವ್ ಎಂಬ ನೃತ್ಯದ ಕ್ಲಬ್ ಇದ್ದ ಜಾಗದಲ್ಲಿ 2022ರ ಕೊನೆಗೆ ಒಗಟು ಬಿಡಿಸಿ ಕೋಣೆಯಿಂದ ಹೊರಬರುವ ಆಟವೊಂದು ಬಂತು. ಇವೆಲ್ಲಕ್ಕೂ ಮೂಲ ಪ್ರೇರಣೆಯಾಗಿದ್ದ ಚರ್ಚ್ ಸ್ಟ್ರೀಟ್ ಸ್ಟೇಷನ್, ಈ ಎರಡು ದೈತ್ಯರ ಪೈಪೋಟಿಯ ನಡುವೆ ಸೊರಗಿ, 2000ರ ದಶಕದ ಆರಂಭದ ಹೊತ್ತಿಗೆ ತನ್ನ ಹಳೆಯ ರೂಪದಲ್ಲಿ ಉಳಿದಿರಲಿಲ್ಲ.

ನಾಲ್ಕನೆಯ ಕಾರಣವನ್ನು ಚಿಕ್ಕದಾಗಿ ಹೇಳಬಹುದು. ಕ್ಲಬ್‌ಗಳನ್ನು ಬಹುಪಾಲು ಡಿಸ್ನಿಯೇ ನಡೆಸುತ್ತಿತ್ತು: ನಟರ ಸಂಬಳ, ಡಿಜೆ, ಬಾರಿನವರು, ಕಾವಲು, ಹೊಣೆಗಾರಿಕೆ ಎಲ್ಲವೂ ಅದರದೇ. ವೆಸ್ಟ್ ಸೈಡ್‌ನ ಅನುಭವದಿಂದ ಅವರು ಕಲಿತದ್ದು, ಮನೆಯೊಡೆಯನಾಗಿ ಬಾಡಿಗೆಯನ್ನೂ ವಹಿವಾಟಿನಲ್ಲಿ ಪಾಲನ್ನೂ ಪಡೆಯುವುದು ಹೆಚ್ಚು ಸುಲಭ ಎಂದು. 2005ರಲ್ಲಿ ಜಾಸ್ ಕ್ಲಬ್ ಇದ್ದ ಜಾಗಕ್ಕೆ ರ‍್ಯಾಗ್ಲನ್ ರೋಡ್ ಎಂಬ ಐರಿಷ್ ಪಬ್ ಬಾಡಿಗೆಗೆ ಬಂತು. ಅಲ್ಲಿ ಮದ್ಯವೂ ಇತ್ತು, ಸಂಗೀತವೂ ಇತ್ತು, ಕುಣಿತವೂ ಇತ್ತು. ಆದರೆ ಮಧ್ಯಾಹ್ನವೇ ತೆರೆಯುತ್ತಿತ್ತು, ಮಕ್ಕಳಿಗೂ ಊಟವಿತ್ತು, ಪ್ರವೇಶಕ್ಕೆ ಟಿಕೆಟ್ ಇರಲಿಲ್ಲ. ಕ್ಲಬ್‌ಗಳ ಭವಿಷ್ಯ ಏನೆಂದು ತೋರಿಸಲು ಆ ಒಂದು ಪಬ್ಬಿನ ಯಶಸ್ಸು ಸಾಕಾಗಿತ್ತು.

2008ರ ಜೂನ್ ಕೊನೆಯಲ್ಲಿ ಪ್ರಕಟಣೆ ಬಂತು. ಅತಿಥಿಗಳು ಇಡೀ ಕುಟುಂಬಕ್ಕೆ ಹೊಂದುವ ಹೆಚ್ಚು ಅಂಗಡಿ ಮತ್ತು ಊಟದ ಜಾಗಗಳನ್ನು ಕೇಳುತ್ತಿದ್ದಾರೆ ಎಂಬುದು ಕೊಟ್ಟ ಕಾರಣ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಸೆಪ್ಟೆಂಬರ್ 27ರ ಶನಿವಾರ ರಾತ್ರಿ ಮ್ಯಾನಿಕ್ವಿನ್ಸ್, ಎಯ್ಟ್ ಟ್ರ್ಯಾಕ್ಸ್, ಬಿಇಟಿ ಸೌಂಡ್‌ಸ್ಟೇಜ್, ಮೋಷನ್, ಕಾಮಿಡಿ ವೇರ್‌ಹೌಸ್ ಮತ್ತು ಅಡ್ವೆಂಚರರ್ಸ್ ಕ್ಲಬ್, ಈ ಆರೂ ಸಾರ್ವಜನಿಕರಿಗೆ ಬಾಗಿಲು ಮುಚ್ಚಿದವು. ಅಡ್ವೆಂಚರರ್ಸ್ ಕ್ಲಬ್ ಮಾತ್ರ ಖಾಸಗಿ ಸಮಾರಂಭಗಳಿಗಾಗಿ ಇನ್ನೊಂದು ವರ್ಷ, 2009ರ ಸೆಪ್ಟೆಂಬರ್ 25ರವರೆಗೆ, ಉಸಿರು ಹಿಡಿದುಕೊಂಡಿತ್ತು.

ಮುಚ್ಚಿದ್ದು ಸರಿಯೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗುತ್ತದೆ. ದಿನಾಂಕವನ್ನು ಗಮನಿಸಿ: ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿಯಾದದ್ದು ಅದೇ ಸೆಪ್ಟೆಂಬರ್ 15ರಂದು. ಕ್ಲಬ್‌ಗಳ ಜಾಗಕ್ಕೆ ಬರಬೇಕಾಗಿದ್ದ ಬಾಡಿಗೆದಾರರಿಗೆ ಸಾಲ ಸಿಗದ, ಹೊಸ ರೆಸ್ಟೋರೆಂಟ್ ತೆರೆಯಲು ಯಾರೂ ಮುಂದೆ ಬಾರದ ಕಾಲ ಆಗ ಆರಂಭವಾಯಿತು. ಈ ಆರ್ಥಿಕ ಕುಸಿತವನ್ನು ಜೂನ್ ತಿಂಗಳಲ್ಲಿ ಯಾರೂ ಪೂರ್ತಿ ಊಹಿಸಲಾಗುತ್ತಿರಲಿಲ್ಲ, ಸರಿ. ಆದರೆ ಮುಂದೆ ಬರುವುದೇನು ಎಂಬ ಒಪ್ಪಂದಗಳು ಕೈಯಲ್ಲಿಲ್ಲದೆ ನಡೆಯುತ್ತಿದ್ದುದನ್ನು ನಿಲ್ಲಿಸಿದ್ದು ತಪ್ಪು ನಿರ್ಧಾರವೆಂದೇ ನಾನು ಹೇಳುತ್ತೇನೆ. ವರ್ಷಗಟ್ಟಲೆ ಆ ಬೀದಿಯಲ್ಲಿ ಅಂದದ ಮುಂಭಾಗವುಳ್ಳ ಖಾಲಿ ಕಟ್ಟಡಗಳು ನಿಂತಿದ್ದವು. ಜನ ಅವುಗಳ ನಡುವೆ ಬೇಗಬೇಗನೆ ದಾಟಿ ಇನ್ನೊಂದು ಬದಿಗೆ ಹೋಗುತ್ತಿದ್ದರು. 2010ರ ನವೆಂಬರಿನಲ್ಲಿ ಹೈಪೀರಿಯನ್ ವಾರ್ಫ್ ಎಂಬ ಹೆಸರಿನಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದ ಬಂದರಿನ ಮಾದರಿಯ ಯೋಜನೆಯೊಂದನ್ನು ಪ್ರಕಟಿಸಿದರು, ಅದು ಕಾಗದದಲ್ಲೇ ಉಳಿಯಿತು. 2013ರ ಮಾರ್ಚಿನಲ್ಲಿ ಡಿಸ್ನಿ ಸ್ಪ್ರಿಂಗ್ಸ್ ಯೋಜನೆ ಬಂತು. 2015ರ ಸೆಪ್ಟೆಂಬರ್ 29ರಂದು ಇಡೀ ಪ್ರದೇಶ ಆ ಹೆಸರು ಪಡೆಯಿತು, ದ್ವೀಪವಿದ್ದ ಭಾಗ ‘ದಿ ಲ್ಯಾಂಡಿಂಗ್’ ಆಯಿತು, 2016ರಲ್ಲಿ ಟೌನ್ ಸೆಂಟರ್ ಸೇರಿಕೊಂಡು ಈಗ ನೀವು ನೋಡಿಬಂದ ರೂಪ ಬಂತು. ಕ್ಲಬ್ ಮುಚ್ಚಿದ ದಿನದಿಂದ ಆ ಜಾಗ ಮತ್ತೆ ತುಂಬುವವರೆಗೆ ಏಳು ವರ್ಷ. ಬಾಡಿಗೆಯ ಲೆಕ್ಕ ಹಾಕಿಯೇ ಮುಚ್ಚಿದವರು ಈ ಏಳು ವರ್ಷದ ಲೆಕ್ಕವನ್ನೂ ಹಾಕಬೇಕಾಗಿತ್ತು.

ಇಂದಿನ ರೂಪ ವ್ಯಾಪಾರದ ದೃಷ್ಟಿಯಿಂದ ಯಶಸ್ವಿ ಎಂಬುದರಲ್ಲಿ ಸಂಶಯವಿಲ್ಲ. ವಾಹನ ನಿಲ್ಲಿಸುತ್ತಿದ್ದ ಬಯಲನ್ನು ಅಂಗಡಿಬೀದಿಯಾಗಿಸಿ, ವಾಹನಗಳಿಗೆ ಬಹುಮಹಡಿ ಕಟ್ಟಡಗಳನ್ನು ಕಟ್ಟಿ, ಹೆದ್ದಾರಿಯಿಂದ ನೇರ ದಾರಿ ಕೊಟ್ಟದ್ದರಿಂದ ಬೀದಿ ಒಂದೇ ಹರಿವಾಗಿದೆ. ಮ್ಯಾನಿಕ್ವಿನ್ಸ್ ಇದ್ದ ಕಟ್ಟಡದಲ್ಲಿ ಈಗ ಮೊರಿಮೊಟೊ ಏಷ್ಯಾ ಎಂಬ ದೊಡ್ಡ ರೆಸ್ಟೋರೆಂಟ್ ಇದೆ. ನೃತ್ಯದ ಕ್ಲಬ್‌ಗಳು ಹೋದುದಕ್ಕೆ ನಾನು ಮರುಗುವುದಿಲ್ಲ. ತಿರುಗುವ ನೆಲ ಚೆಂದವೇ ಇತ್ತು, ಆದರೆ ಅಂತಹ ಕ್ಲಬ್ಬುಗಳು ಒರ್ಲ್ಯಾಂಡೊ ಪೇಟೆಯಲ್ಲಿ ಬೇರೆಯೂ ಇದ್ದವು, ಡಿಸ್ನಿಯೇ ಮಾಡಬೇಕಾದ ಕೆಲಸ ಅದಾಗಿರಲಿಲ್ಲ. ಅಡ್ವೆಂಚರರ್ಸ್ ಕ್ಲಬ್ ಹಾಗಲ್ಲ. ಅಲ್ಲಿ ಯಂತ್ರವೂ ನಟನೂ ಅತಿಥಿಯೂ ಕೂಡಿ ಕತೆ ಕಟ್ಟುತ್ತಿದ್ದ ಬಗೆಯನ್ನು ಇನ್ನಾವ ಸಂಸ್ಥೆಯೂ ಅಷ್ಟು ಚೆನ್ನಾಗಿ ಮಾಡಲಾರದು. ಆ ಒಂದು ಕ್ಲಬ್ಬನ್ನು ಮಧ್ಯಾಹ್ನದಿಂದಲೇ ತೆರೆದು, ಊಟವನ್ನೂ ಸೇರಿಸಿ, ಕಾಯ್ದಿರಿಸಿದ ಆಸನಗಳ ಪ್ರದರ್ಶನವಾಗಿ ಬದಲಾಯಿಸಿದ್ದರೆ ಮೇಲೆ ಹೇಳಿದ ಹೊತ್ತಿನ ಲೆಕ್ಕವೂ ಸರಿಹೋಗುತ್ತಿತ್ತು, ಪ್ರಕಟಣೆಯಲ್ಲಿ ಹೇಳಿದ ಕುಟುಂಬಕ್ಕೂ ಒದಗುತ್ತಿತ್ತು. ಮಕ್ಕಳನ್ನು ಒಳಗೆ ಬಿಡುತ್ತಿದ್ದ ಜಾಗವನ್ನು ಕುಟುಂಬದ ಹೆಸರಿನಲ್ಲಿ ಮುಚ್ಚಿದ್ದಕ್ಕೆ ನನಗೆ ಸಮರ್ಥನೆ ಕಾಣುವುದಿಲ್ಲ.

ಆ ಕ್ಲಬ್ಬಿನ ನೆನಪು ಡಿಸ್ನಿಯವರಿಗೂ ಬಿಟ್ಟಿಲ್ಲ. ಮುಂದಿನ ಬಾರಿ ಹೋದಾಗ ಮ್ಯಾಜಿಕ್ ಕಿಂಗ್‌ಡಮ್‌ನ ಅಡ್ವೆಂಚರ್‌ಲ್ಯಾಂಡ್‌ನಲ್ಲಿ 2015ರ ಕೊನೆಗೆ ತೆರೆದ ಸ್ಕಿಪ್ಪರ್ ಕ್ಯಾಂಟೀನ್‌ನಲ್ಲಿ ಊಟ ಮಾಡಿ. ಅಲ್ಲಿ ಪುಸ್ತಕದ ಕಪಾಟಿನ ಹಿಂದೆ ಪ್ರವಾಸಿಗಳ ಗುಪ್ತ ಸಂಘವೊಂದರ ಕೋಣೆಯಿದೆ, ಹಳೆಯ ಕ್ಲಬ್ಬನ್ನು ಬಲ್ಲವರಿಗೆ ಗೋಡೆಗಳಲ್ಲಿ ಪರಿಚಿತ ಹೆಸರುಗಳು ಸಿಗುತ್ತವೆ. ಪಾರ್ಕಿನ ಟಿಕೆಟ್ ಇಲ್ಲದೆ ಅಲ್ಲಿಗೆ ಹೋಗಲಾಗದು, ಮೇಜನ್ನು ಮೊದಲೇ ಕಾಯ್ದಿರಿಸುವುದು ಒಳ್ಳೆಯದು. ಟಿಕೆಟ್ ಇಲ್ಲದ ಸಂಜೆಗೆ ರ‍್ಯಾಗ್ಲನ್ ರೋಡ್ ಇದೆ. ರಾತ್ರಿಯ ಐರಿಷ್ ಸಂಗೀತ, ನೃತ್ಯ ಶುರುವಾಗುವ ಹೊತ್ತಿಗೆ ಹೋದರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಬಹುದು.